ದೇವರನ್ನು ಅಳಿಸುವ ಪಾಠ

ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿ ಇದೆ. ಅದರ ಮೇಲಿನ ಮಹಡಿಯಲ್ಲಿ ಪೂರ್ಣಶ್ರೀ ಕಂಪ್ಯೂಟರ್ ಕಲಿಸುತ್ತಾರೆ. ಕೆಳಗಿನಿಂದ ಏರಿ ಬರುವ, ಬೆಳೆಗೆ ಹೊಡೆಯುವ ಔಷಧದ ಘಾಟಿಗೆ ಹೊಸ ವಿದ್ಯಾರ್ಥಿಗಳು ಸೀನುತ್ತಾರೆ, ಹಳಬರು ಸೀನುವುದಿಲ್ಲ. ಯಾರು ಹೊಸಬರು, ಯಾರು ಹಳಬರು ಎಂದು ತಿಳಿಯಲು ಹಾಜರಿ ಕರೆಯುವ ಗೋಜೇ ಇಲ್ಲ ಎಂದು ಪೂರ್ಣಶ್ರೀ ತಮಾಷೆ ಮಾಡುತ್ತಾರೆ. ತಮಾಷೆ ಮಾಡುವಾಗಲೂ ಅವರ ಮುಖ ಬಿಗಿಯಾಗಿಯೇ ಇರುತ್ತದೆ, ಆದ್ದರಿಂದ ಹೊಸಬರು ನಗಬೇಕೋ ಹೆದರಬೇಕೋ ತಿಳಿಯದೆ ಇನ್ನೊಮ್ಮೆ ಸೀನುತ್ತಾರೆ.

ಅವರ ಮನೆ ರಾಯಚೂರಿನಲ್ಲಿ. ತಂದೆ ನರಸಿಂಹಾಚಾರ್ಯರು ಬಹಳ ವರ್ಷ ಮಾನ್ವಿಯ ಒಂದು ಗುಡಿಯಲ್ಲಿ ಪೂಜೆ ಮಾಡಿದವರು, ಮೊಣಕಾಲು ಕೈಕೊಟ್ಟ ಮೇಲೆ ಮನೆಯ ದೇವರ ಮುಂದೆಯೇ ಕೂತವರು. ಪೂರ್ಣಶ್ರೀ ಮಾನ್ವಿಯಲ್ಲಿದ್ದಾಗಲೇ ಟೈಪಿಂಗ್ ಕಲಿತರು. ಕಲಿತು ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ಊರಿನ ಟೈಪಿಂಗ್ ಯಂತ್ರಗಳೆಲ್ಲ ಮೂಲೆ ಸೇರಿದ್ದವು. ಬೇರೆ ಯಾರಾದರೂ ಆಗಿದ್ದರೆ ಹಣೆಬರಹವನ್ನು ಬೈದುಕೊಂಡು ಕೂಡುತ್ತಿದ್ದರು. ಇವರು ಅದೇ ಹತ್ತು ಬೆರಳುಗಳನ್ನು ತಂದು ಕಂಪ್ಯೂಟರಿನ ಮೇಲೆ ಇಟ್ಟರು. ಮದುವೆಯ ಮಾತುಗಳೂ ಬಂದಿದ್ದವು. ಜಾತಕ ಕೂಡಿದ ಕಡೆ ಮನಸ್ಸು ಕೂಡಲಿಲ್ಲ, ಮನಸ್ಸು ಕೂಡಿದ ಕಡೆ ಜಾತಕ ಕೂಡಲಿಲ್ಲ. ಈಗ ಯಾರೂ ಆ ಮಾತು ಎತ್ತುವುದಿಲ್ಲ, ಅದೊಂದು ಪುಣ್ಯ ಎನ್ನುತ್ತಾರೆ ಅವರು.

ಬೆಳಿಗ್ಗೆ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದರೆ ಗಬ್ಬೂರಿನಲ್ಲಿ ಅನ್ನಪೂರ್ಣ ಹತ್ತುತ್ತಾಳೆ. ಕೂಲಿ ಮಾಡುವ ರಾಮಣ್ಣನ ಮಗಳು. ಪಿಯುಸಿ ಮುಗಿಸಿದ್ದಾಳೆ, ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಬೇಕೆಂಬ ಆಸೆ. ಪೂರ್ಣಶ್ರೀಯವರ ಪಕ್ಕ ಸೀಟು ಖಾಲಿ ಇದ್ದರೂ ಕೂಡುವುದಿಲ್ಲ, ಮೇಡಂ ಪಕ್ಕ ಹೇಗೆ ಕೂಡುವುದು ಎಂದು ಕಂಬಿ ಹಿಡಿದು ನಿಂತೇ ಬರುತ್ತಾಳೆ. "ಕೂಡವಾ, ನಾನೇನು ಕಚ್ಚಂಗಿಲ್ಲ," ಎಂದು ಇವರು ದಿನಾ ಹೇಳುತ್ತಾರೆ. "ಇರ್ಲಿ ಬಿಡ್ರಿ ಮೇಡಂ," ಎಂದು ಅವಳು ದಿನಾ ಹೇಳುತ್ತಾಳೆ. ಇಬ್ಬರೂ ಸೋಲುವವರಲ್ಲ.

ಪೂರ್ಣಶ್ರೀಯವರ ಪಾಠಗಳಲ್ಲಿ ಎಲ್ಲರಿಗೂ ಇಷ್ಟವಾದದ್ದು ಇಂಟರ್‌ನೆಟ್ಟಿನಿಂದ ಚಿತ್ರ ಇಳಿಸಿಕೊಳ್ಳುವ ಪಾಠ. ಅದನ್ನು ಅವರು ಹೇಳಿಕೊಡುವ ರೀತಿಯೂ ಹಾಗೆಯೇ ಇತ್ತು.

"ಹುಡುಕಿದ ಕೂಡ್ಲೇ ಸಾಲಾಗಿ ಬರ್ತಾವಲ್ಲ, ಅವು ಬರೇ ಚೂರು ಚೂರು ಚಿತ್ರ. ಅವನ್ನೇ ಇಳಿಸ್ಕೊಂಡ್ರ ಪ್ರಿಂಟಿನ್ಯಾಗ ಮುಖ ಯಾವ್ದು ಮೂಗು ಯಾವ್ದು ತಿಳಿಯಂಗಿಲ್ಲ. ಮೊದಲು ಚಿತ್ರದ ಮ್ಯಾಲೆ ಒತ್ರಿ. ಅದು ಇರೋ ಪುಟಕ್ಕ ಹೋಗ್ರಿ. ದೊಡ್ಡದಾಗಿ ಕಂಡ ಮ್ಯಾಲೆ ಮೌಸಿನ ಬಲಗಡಿ ಗುಂಡಿ ಒತ್ರಿ. ಸೇವ್ ಇಮೇಜ್ ಆ್ಯಸ್ ಅಂತ ಬರ್ತದ. ಎಲ್ಲಿಡಬೇಕು ಅಂತ ಕೇಳ್ತದ, ಡಿ ಡ್ರೈವಿನ್ಯಾಗ ನಿಮ್ಮ ನಿಮ್ಮ ಹೆಸರಿನ ಫೋಲ್ಡರಿಗಿ ಇಡ್ರಿ. ಚಿತ್ರಕ್ಕೂ ಒಂದು ಹೆಸರು ಕೊಡ್ರಿ. ಕೊಡ್ದೆ ಬಿಟ್ಟು ನಾಳಿ ಹುಡುಕಾಕ ನನ್ನ ಕರದ್ರ ನಾ ಬರಂಗಿಲ್ಲ. ಇನ್ನೊಂದು ಮಾತು, ಬ್ಯಾರೇರು ತೆಗ್ದ ಚಿತ್ರ ಅವು. ಕಲಿಯಾಕ ಇಳಿಸ್ರಿ, ಮಾರಾಕ ಅಲ್ಲ."

ಮೊಬೈಲಿನಲ್ಲಿ ಕೂಸುಗಳೂ ಚಿತ್ರ ಇಳಿಸುವ ಈ ಕಾಲದಲ್ಲಿ ಇದೇನು ದೊಡ್ಡ ವಿದ್ಯೆ ಎಂದು ಯಾರಾದರೂ ಕೇಳಬಹುದು. ಕೇಳುವವರ ಕೈಯಲ್ಲಿ ಸ್ವಂತ ಮೊಬೈಲು ಇರುತ್ತದೆ, ಅದಕ್ಕೇ ಕೇಳುತ್ತಾರೆ. ಇಲ್ಲಿಗೆ ಬರುವ ಹುಡುಗಿಯರ ಮನೆಯಲ್ಲಿ ಮೊಬೈಲು ಅಣ್ಣನದು ಇಲ್ಲವೆ ಅಪ್ಪನದು. ಅದರಲ್ಲಿ ತನಗೆ ಬೇಕಾದ ಒಂದು ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡರೂ "ಇದ್ಯಾಕ?" ಎಂಬ ವಿಚಾರಣೆ ನಡೆಯುತ್ತದೆ. ಗೊಬ್ಬರದಂಗಡಿಯ ಮೇಲಿನ ಹಳೆಯ ಎಂಟು ಕಂಪ್ಯೂಟರುಗಳಲ್ಲಿ ಮಾತ್ರ ಅವರವರ ಹೆಸರು ಹೊತ್ತ ಹಳದಿ ಫೋಲ್ಡರುಗಳಿದ್ದವು. ಅವುಗಳೊಳಗೆ ಏನಿದೆ ಎಂದು ಕೇಳುವವರಿಲ್ಲ. ಅನ್ನಪೂರ್ಣ ತನ್ನ ಫೋಲ್ಡರನ್ನು ಮೊದಲ ಸಲ ತೆರೆದ ದಿನ ಅರ್ಧ ಗಂಟೆ ಏನೂ ಮಾಡದೆ ಆ ಹೆಸರನ್ನೇ ನೋಡುತ್ತ ಕೂತಿದ್ದಳು.

ಇನ್ನೊಂದು ಪದ್ಧತಿಯೂ ಬೆಳೆದಿತ್ತು. ಅದನ್ನು ಪೂರ್ಣಶ್ರೀ ಕಲಿಸಿದ್ದಲ್ಲ. ದಿನದ ಮೊದಲ ಚಿತ್ರ ದೇವರದೇ ಆಗಬೇಕು. ಯಂತ್ರ ಶುರುವಾದ ಕೂಡಲೇ ಒಬ್ಬಳು ಹನುಮಪ್ಪನನ್ನು ಇಳಿಸುತ್ತಾಳೆ, ಇನ್ನೊಬ್ಬಳು ಹುಲಗೆಮ್ಮನನ್ನು, ಮತ್ತೊಬ್ಬಳು ಎಲ್ಲಮ್ಮನನ್ನು. ಟೈಲರ್ ಮೌಲಾಲಿಯ ಮಗಳು ಆತಿಯಾ ಮಕ್ಕಾದ ಚಿತ್ರ ಇಳಿಸುತ್ತಾಳೆ. ಆಮೇಲೆ ಮೆಹಂದಿ, ಬ್ಲೌಸಿನ ಕುತ್ತಿಗೆ, ರಂಗೋಲಿ, ದುಂಡು ಕೆನ್ನೆಯ ಕೂಸುಗಳು. ನಿನ್ನೆಯ ಹನುಮಪ್ಪ ಇದ್ದರೂ ಇವತ್ತು ಇನ್ನೊಬ್ಬ ಹನುಮಪ್ಪ ಬೇಕು, ನಿನ್ನೆ ಕೈ ಮುಗಿದೆನೆಂದು ಇವತ್ತು ಬಿಡಲಾದೀತೆ? ದೊಡ್ಡ ಚಿತ್ರವನ್ನೇ ಇಳಿಸಬೇಕೆಂದು ಮೇಡಂ ಹೇಳಿಕೊಟ್ಟಿದ್ದರಿಂದ ಎಲ್ಲವೂ ಗೋಡೆಗೆ ಅಂಟಿಸುವಷ್ಟು ದೊಡ್ಡವು. ಬ್ಯಾಚಿನ ಮೇಲೆ ಬ್ಯಾಚು ಹೋದರೂ ಅವರ ದೇವರುಗಳು ಅಲ್ಲೇ ಉಳಿದರು. ಹೊಸಬರು ಹಳಬರ ಫೋಲ್ಡರುಗಳಿಗೆ ಕೈ ಹಚ್ಚದೆ ಪಕ್ಕದಲ್ಲಿ ತಮ್ಮದನ್ನು ಮಾಡಿಕೊಂಡರು. ಚೆನ್ನಾಗಿ ಕಲಿಸಿದ್ದಕ್ಕೆ ಪೂರ್ಣಶ್ರೀಯವರಿಗೆ ಸಿಕ್ಕ ಫಲ ಏನೆಂದರೆ, ಎಂಟು ಕಂಪ್ಯೂಟರುಗಳ ಹೊಟ್ಟೆಯೂ ಕಂಠದವರೆಗೆ ತುಂಬಿತ್ತು.

ಈ ತರಬೇತಿ ಕೇಂದ್ರ ವಿರೂಪಣ್ಣನದು. ಮಾನ್ವಿಯಲ್ಲಿ ಅವರದೇ ಇನ್ನೊಂದು ಕೇಂದ್ರ ಇದೆ. ಕೆಟ್ಟ ಮನುಷ್ಯ ಅಲ್ಲ, ಆದರೆ ಯಾವ ಮಾತನ್ನೂ ಸುತ್ತಿ ಬಳಸಿ ಆಡುವವರಲ್ಲ. ಪರೀಕ್ಷೆಗೆ ವಾರ ಇರುವಾಗ ಫೋನ್ ಮಾಡಿದರು.

"ಮೇಡಂ, ಮಾನ್ವ್ಯಾಗ ಹುಡುಗ್ರು ಸಾಲು ಹಚ್ಚಿ ನಿಂತಾರ, ಮಷೀನಿಲ್ಲ. ದೇವದುರ್ಗದಾಗ ಮಷೀನದಾವ, ರಿಸಲ್ಟಿಲ್ಲ. ಹೋದ ಎರಡು ಬ್ಯಾಚಿನ್ಯಾಗ ಎಷ್ಟು ಮಂದಿ ಬಿದ್ರು ನಿಮಗ ಗೊತ್ತದ. ಈ ಸಲ ಎಂಟು ಮಂದ್ಯಾಗ ಒಬ್ರು ಬಿದ್ರೂ ಎಂಟೂ ಮಷೀನು ಗಾಡ್ಯಾಗ ಹಾಕ್ಕೊಂಡು ಮಾನ್ವಿಗಿ ಒಯ್ತೀನಿ. ನಿಮಗೇನು ಚಿಂತಿ ಬ್ಯಾಡ, ನಿಮ್ಮ ಕುರ್ಚಿನೂ ಅಲ್ಲೇ ಹಾಕಸ್ತೀನಿ."

ಪೂರ್ಣಶ್ರೀಯವರಿಗೆ ಮಾನ್ವಿ ಎಂದರೆ ಬಾಲ್ಯದ ಊರು. ದಾರಿಯೂ ಹತ್ತಿರ, ಕಲ್ಲೂರು ದಾಟಿದರೆ ಬಂತು. ಸ್ವಂತದ ಲೆಕ್ಕ ನೋಡಿದರೆ ಹೂಂ ಎನ್ನಬೇಕಿತ್ತು. ಆದರೆ ಗಬ್ಬೂರಿನ ಅನ್ನಪೂರ್ಣಳನ್ನು ಎರಡು ಬಸ್ಸು ಬದಲಿಸಿ ಮಾನ್ವಿಗೆ ಹೋಗು ಎಂದು ಯಾವ ಅಪ್ಪ ಕಳಿಸುತ್ತಾನೆ? ಆತಿಯಾಳನ್ನು ದೇವದುರ್ಗದ ಈ ಓಣಿಗೆ ಕಳಿಸಲಿಕ್ಕೇ ಮನೆಯಲ್ಲಿ ಮೂರು ದಿನ ಮಾತು ನಡೆದಿತ್ತು. ಯಂತ್ರಗಳು ಹೋದರೆ ಈ ಹುಡುಗಿಯರ ಕಲಿಕೆ ಅಲ್ಲಿಗೆ ಮುಗಿಯಿತು, ಮುಂದಿನ ವರ್ಷ ಬರಬೇಕಾದವರದು ಶುರುವೂ ಆಗುವುದಿಲ್ಲ. ಪೂರ್ಣಶ್ರೀ ಫೋನಿಟ್ಟ ಮೇಲೆ ಬಹಳ ಹೊತ್ತು ಕಿಟಕಿಯಲ್ಲಿ ನಿಂತಿದ್ದರು. ಈ ಮಾತನ್ನು ಹುಡುಗಿಯರ ಮುಂದೆ ಹೇಳಲಿಲ್ಲ.

ಎರಡು ದಿನಕ್ಕೆ ಪರೀಕ್ಷೆಯ ಸಾಫ್ಟ್‌ವೇರು ಬಂತು. ಪ್ರತಿ ಯಂತ್ರಕ್ಕೂ ಅದನ್ನು ಹಾಕಬೇಕು. ಹಾಕಲು ಹೋದರೆ ಜಾಗ ಇಲ್ಲ ಎಂದು ಎಂಟೂ ಯಂತ್ರಗಳು ಒಂದೇ ದನಿಯಲ್ಲಿ ಹೇಳಿದವು. ವಿರೂಪಣ್ಣನನ್ನು ಇನ್ನೊಂದು ಹಾರ್ಡ್ ಡಿಸ್ಕು ಕೇಳುವ ಸಮಯ ಅದಾಗಿರಲಿಲ್ಲ. ಪೂರ್ಣಶ್ರೀ ಹುಡುಗಿಯರನ್ನು ಕೂಡಿಸಿ ಹೇಳಿದರು.

"ಇವತ್ತು ಹೊಸಾ ಪಾಠ. ಇಳಿಸ್ಕೊಳ್ಳೋದು ಕಲ್ತ್ರಿ, ಈಗ ಅಳಿಸೋದು ಕಲೀರಿ. ಬೇಕಾದ ನಾಲ್ಕು ಚಿತ್ರ ಇಟ್ಕೊಂಡು ಉಳದಿದ್ದೆಲ್ಲಾ ಡಿಲೀಟ್ ಮಾಡ್ರಿ. ಹಳೇ ಬ್ಯಾಚಿನವರದೂ ಮಾಡ್ರಿ."

ಬ್ಲೌಸಿನ ಕುತ್ತಿಗೆಗಳು ಹೋದವು. ಗುಲಾಬಿಗಳು ಹೋದವು. ಕೂಸುಗಳು ಹೋಗುವಾಗ ಒಬ್ಬಿಬ್ಬರು "ಅಯ್ಯ ಪಾಪ" ಎಂದರು. ಆಮೇಲೆ ಎಲ್ಲರ ಕೈಯೂ ನಿಂತಿತು.

"ಯಾಕ? ನಿಂದ್ರಬ್ಯಾಡ್ರಿ, ಮುಂದ ನಡೀಲಿ."

ಅನ್ನಪೂರ್ಣ ಎದ್ದು ನಿಂತಳು. "ಮೇಡಂ, ಉಳದಿದ್ದು ಎಲ್ಲಾ ದೇವ್ರು ಅದಾವ್ರಿ."

"ಆದ್ರೇನು? ಚಿತ್ರನೇ ಅಲ್ಲೇನು?"

"ಅಲ್ರಿ, ಇದನ್ನ ಒತ್ತಿದ್ರ ಎಲ್ಲಿ ಹೋಗ್ತಾವ್ರಿ? ಆ ಮೂಲ್ಯಾಗಿನ ಬುಟ್ಟಿಗಿ ಅಲ್ರೀ? ಅದು ಕಸದ ಬುಟ್ಟಿ ಅಂತ ಮೊದಲ್ನೇ ದಿನಾ ನೀವೇ ಹೇಳಿದ್ರಿ. ಹನಮಪ್ಪನ್ನ ಕಸದ ಬುಟ್ಟಿಗಿ ಹ್ಯಾಂಗ ಹಾಕೂದ್ರಿ?"

ಆತಿಯಾ ಕೂತಲ್ಲಿಂದಲೇ, ಯಾರ ಮುಖವನ್ನೂ ನೋಡದೆ, "ನಾನೂ ಹಾಕಂಗಿಲ್ರಿ ಮೇಡಂ," ಎಂದಳು.

ಪೂರ್ಣಶ್ರೀಯವರಿಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆ ತಲೆಯ ಮೇಲೆ ಕೂತಿದೆ, ಯಂತ್ರಗಳು ಗಾಡಿ ಹತ್ತಲು ಕಾಯುತ್ತಿವೆ, ಇವರು ಬುಟ್ಟಿಯ ಪಂಚಾಯಿತಿ ತೆಗೆದಿದ್ದಾರೆ. ಅದು ಬುಟ್ಟಿಯೂ ಅಲ್ಲ ಮಣ್ಣೂ ಅಲ್ಲ, ಒಂದು ಗುರುತು ಅಷ್ಟೇ ಎಂದು ಗದರಿದರು. ಯಾರ ಬೆರಳೂ ಕದಲಲಿಲ್ಲ. ಅನ್ನಪೂರ್ಣಳ ಕಣ್ಣಲ್ಲಿ ನೀರು ಬಂತು, ಆದರೂ ಕೈ ಮಡಿಲಲ್ಲೇ ಇತ್ತು. "ಮನಿಗಿ ಹೋಗ್ರಿ ಎಲ್ಲಾರೂ. ನಾನೇ ಮಾಡ್ತೀನಿ," ಎಂದು ಪೂರ್ಣಶ್ರೀ ಅವರನ್ನು ಕಳಿಸಿಬಿಟ್ಟರು.

ಎಲ್ಲರೂ ಹೋದ ಮೇಲೆ ಮೊದಲ ಯಂತ್ರದ ಮುಂದೆ ಕೂತರು. ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಆರಿಸಿದರು. ನೀಲಿ ಬಣ್ಣ ಬಳಿದುಕೊಂಡು ಹನುಮಪ್ಪಂದಿರು, ಅಮ್ಮಂದಿರು, ನಡುವೆ ಮಂತ್ರಾಲಯದ ರಾಯರ ಬೃಂದಾವನ, ಎಲ್ಲರೂ ಸಾಲಾಗಿ ನಿಂತರು. ಡಿಲೀಟಿನ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಲಾಗಲಿಲ್ಲ. ಇದು ಗುರುತು ಅಷ್ಟೇ ಎಂದು ತಮಗೆ ತಾವೇ ಹೇಳಿಕೊಂಡರು, ಆದರೂ ಆಗಲಿಲ್ಲ. ಹುಟ್ಟಿದಾಗಿನಿಂದ ಪೂಜೆಯ ಹೂವನ್ನೂ ಕಾಲಿಗೆ ತಾಗದ ಕಡೆ ಹಾಕಿ ಬೆಳೆದ ಕೈ ಅದು. ಹುಡುಗಿಯರನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು. ಯಂತ್ರ ಬಂದ್ ಮಾಡಿ ಬಸ್ಸಿಗೆ ನಡೆದರು.

ಮನೆಯಲ್ಲಿ ತಾಯಿ ತುಳಸಿಬಾಯಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಮಗಳು ಎಲ್ಲ ಹೇಳಿದಳು. ತುಳಸಿಬಾಯಿಗೆ ಕಂಪ್ಯೂಟರು ಗೊತ್ತಿಲ್ಲ, ಆದರೆ ಮಗಳ ಮುಖ ಗೊತ್ತು.

"ಹುಡುಗ್ಯಾರು ಸರಿ ಅಂದಾರ. ನೀ ಯಾಕ ಬೈದಿ?"

"ಅಮ್ಮಾ, ಪರೀಕ್ಷಾ ಅದ. ಜಾಗ ಬೇಕು."

"ಜಾಗ ನಮಗೂ ಬೇಕಾಗ್ತದಲ್ಲ? ವರ್ಷಾ ಎಷ್ಟು ಕ್ಯಾಲೆಂಡರ್ ಬರ್ತಾವ, ಎಷ್ಟು ಲಗ್ನಪತ್ರಿಕಿ ಬರ್ತಾವ, ಎಲ್ಲಾದರ ಮ್ಯಾಲೂ ದೇವರದಾನ. ನಾವೇನು ತಿಪ್ಪಿಗಿ ಹಾಕ್ತೀವೇನು? ಚೀಲದಾಗ ಕೂಡಿಟ್ಟು ಹೊಳಿಗಿ ಬಿಟ್ಟು ಬರ್ತೀವಿ. ದೇವರನ್ನ ಬಿಡಬಾರ್ದು ಅಂತ ಯಾರೂ ಅಂದಿಲ್ಲ. ಗಣಪತಿನ ಬಿಡಂಗಿಲ್ಲೇನು? ಕಸದಾಗ ಬಿಡಬಾರ್ದು, ಅಷ್ಟೇ."

ಒಳಗಿನಿಂದ ನರಸಿಂಹಾಚಾರ್ಯರು ಕೆಮ್ಮಿದರು. ಹೆಂಡತಿಯ ಮಾತು ಒಪ್ಪಿಗೆಯಾದಾಗ ಅವರು ಕೆಮ್ಮುವುದು ರೂಢಿ.

"ಕಂಪ್ಯೂಟರಿನ್ಯಾಗ ಹೊಳಿ ಎಲ್ಲಿಂದ ತರ್ಲಿ, ಅಮ್ಮಾ?"

"ಅದು ನನಗ ಗೊತ್ತಿಲ್ಲವಾ. ಟೀಚರ್ ನೀನು," ಎಂದು ತುಳಸಿಬಾಯಿ ಕಾಳಿನ ಪುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಮರುದಿನ ಪೂರ್ಣಶ್ರೀ ಎಲ್ಲರಿಗಿಂತ ಮೊದಲು ಬಂದರು. ಒಂದೊಂದೇ ಯಂತ್ರ ಶುರು ಮಾಡಿ ಮೂಲೆಯ ಬುಟ್ಟಿಯ ಮೇಲೆ ಬಲಗಡೆ ಗುಂಡಿ ಒತ್ತಿ ಅದರ ಹೆಸರು ಬದಲಿಸಿದರು. ಬುಟ್ಟಿಯ ಚಿತ್ರವನ್ನೂ ತೆಗೆದು, ನೀಲಿಯಾಗಿ ಕಾಣುವ ಒಂದು ಗುರುತನ್ನು ಹಾಕಿದರು. ಹುಡುಗಿಯರು ಬಂದು ಕೂತಾಗ ಎಂಟೂ ಪರದೆಗಳ ಮೂಲೆಯಲ್ಲಿ ಕನ್ನಡದಲ್ಲಿ ಬರೆದಿತ್ತು: ಕೃಷ್ಣಾ ಹೊಳಿ.

ಅನ್ನಪೂರ್ಣ ಅದನ್ನು ಓದಿ ಮೇಡಂ ಮುಖ ನೋಡಿದಳು.

"ಕಸದ ಬುಟ್ಟಿ ಅಂತ ನಿಮಗ ಹೇಳಿದ್ದು ನಾನು," ಎಂದರು ಪೂರ್ಣಶ್ರೀ. "ಆ ಹೆಸರು ಇಟ್ಟವರು ಯಾರೋ, ಅವರಿಗಿ ನಮ್ಮ ಮನಿ ಪದ್ಧತಿ ಗೊತ್ತಿರ್ಲಿಲ್ಲ. ಇನ್ನ ಮ್ಯಾಲೆ ಇದು ಹೊಳಿ. ಹೂವಿನಹೆಡಗಿ ಬ್ರಿಜ್ಜಿನ ಮ್ಯಾಲೆ ನಿಂತು ಬಿಡ್ತೀವಲ್ಲ, ಹಂಗ ಬಿಡ್ರಿ. ಆಗ್ತದೋ ಇಲ್ಲೋ?"

ಮೊದಲು ಬಾಯಿ ಬಿಟ್ಟವಳು ಆತಿಯಾ. "ನಮ್ಮನ್ಯಾಗ ಅರಬ್ಬಿ ಬರದಿದ್ದು ಹಳೀ ಕಾಗದ ಇದ್ರ ಅಮ್ಮೀ ಹೊಳಿನ್ಯಾಗ ಬಿಟ್ಟು ಠಂಡಾ ಮಾಡ್ತಾಳ್ರಿ. ನಂದೂ ಆಗ್ತದ್ರಿ ಮೇಡಂ," ಎಂದು ಎಲ್ಲರಿಗಿಂತ ಮೊದಲು ಮಕ್ಕಾದ ಚಿತ್ರವನ್ನು ಮೌಸಿನಿಂದ ಹಿಡಿದು ಮೂಲೆಯವರೆಗೆ ನಿಧಾನವಾಗಿ ಎಳೆದುಕೊಂಡು ಹೋಗಿ ಬಿಟ್ಟಳು. ಬಿಡುವಾಗ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು.

ಆಮೇಲೆ ಯಾರನ್ನೂ ಒತ್ತಾಯ ಮಾಡಬೇಕಾಗಲಿಲ್ಲ. ಒಟ್ಟಿಗೆ ಆರಿಸಿ ಒಂದೇ ಏಟಿಗೆ ಕಳಿಸಬಹುದು ಎಂದು ಪೂರ್ಣಶ್ರೀ ಹೇಳಿಕೊಟ್ಟರೂ ಒಬ್ಬರೂ ಕೇಳಲಿಲ್ಲ. ಒಂದೊಂದೇ ದೇವರನ್ನು ಹಿಡಿದು, ಹೆಸರು ಹೇಳಿ, ಒಯ್ದು ಬಿಟ್ಟರು. ಹಳೆಯ ಬ್ಯಾಚಿನವರ ದೇವರುಗಳನ್ನೂ ಹಾಗೆಯೇ ಬಿಟ್ಟರು. ಅನ್ನಪೂರ್ಣ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಮರೆತು ಬಿಟ್ಟದ್ದೇ ಬಿಟ್ಟದ್ದು.

ಎಲ್ಲ ಮುಗಿದ ಮೇಲೆ ನೋಡಿದರೆ ಜಾಗ ಮೊದಲಿನಷ್ಟೇ ಇತ್ತು, ಬಿಟ್ಟದ್ದೆಲ್ಲ ಇನ್ನೂ ಯಂತ್ರದೊಳಗೇ ಇತ್ತು. "ದಂಡ್ಯಾಗೇ ತೇಲಾಕತ್ತಾವ," ಎಂದರು ಪೂರ್ಣಶ್ರೀ. "ಮ್ಯಾಲಿಂದ ನೀರು ಬಿಡಬೇಕು. ಆವಾಗ ಹೋಗ್ತಾವ." ಎಂಟು ಯಂತ್ರಗಳ ಹೊಳೆಯನ್ನೂ ಖಾಲಿ ಮಾಡುವ ಗುಂಡಿಯನ್ನು ಅವರೇ ಒತ್ತಿದರು. ಒತ್ತುವ ಮೊದಲು ಕೈ ತೊಳೆದುಕೊಂಡು ಬಂದರು. ಅದನ್ನು ಹುಡುಗಿಯರು ನೋಡಿದರು. ಸಾಯಂಕಾಲದೊಳಗೆ ಪರೀಕ್ಷೆಯ ಸಾಫ್ಟ್‌ವೇರು ಎಲ್ಲ ಯಂತ್ರಗಳಿಗೂ ಹತ್ತಿತು.

ಆದರೂ ಮನೆಗೆ ಹೋಗುವ ಬಸ್ಸಿನಲ್ಲಿ ಪೂರ್ಣಶ್ರೀಯವರಿಗೆ ಒಂದು ಅನುಮಾನ ಕೊರೆಯತೊಡಗಿತು. ತಾನು ಈ ಹುಡುಗಿಯರಿಗೆ ಗೌರವ ಕೊಟ್ಟೆನೋ, ಇಲ್ಲ ಚಿಕ್ಕ ಮಕ್ಕಳನ್ನು ರಮಿಸುವ ಹಾಗೆ ರಮಿಸಿ ಕೆಲಸ ಮಾಡಿಸಿಕೊಂಡೆನೋ? ಜಾಗ ಬೇಕಾಗಿರದಿದ್ದರೆ ಆ ಹೆಸರು ಬದಲಿಸುತ್ತಿದ್ದೆನೇ? ಗಬ್ಬೂರಿನಲ್ಲಿ ಇಳಿಯುವಾಗ ಅನ್ನಪೂರ್ಣ ಎಂದಿಗಿಂತ ಹೆಚ್ಚು ನಗುಮುಖದಿಂದ "ಬರ್ತೀನ್ರಿ ಮೇಡಂ" ಎಂದಳು. ಅದರಿಂದ ಅನುಮಾನ ಇನ್ನಷ್ಟು ಹೆಚ್ಚಾಯಿತು.

ಪರೀಕ್ಷೆ ತೆಗೆದುಕೊಳ್ಳಲು ರಾಯಚೂರಿನಿಂದ ಮೌಲಾಹುಸೇನ ಎಂಬವರು ಬಂದರು. ತೆಳ್ಳನೆಯ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಚಹಾ ಬೇಡ ಎಂದರು, ನೀರು ಸಾಕು ಎಂದರು. ಇಂಥವರ ಹತ್ತಿರ ಒಂದು ಅಂಕವೂ ಉಚಿತವಾಗಿ ಸಿಗುವುದಿಲ್ಲ ಎಂದು ಪೂರ್ಣಶ್ರೀಗೆ ಆಗಲೇ ತಿಳಿಯಿತು. ಅವರು ಯಂತ್ರಗಳನ್ನು ಒಂದು ಸುತ್ತು ನೋಡಿ ಮೂಲೆಯ ಹೆಸರಿನ ಮುಂದೆ ನಿಂತರು.

"ಇದೇನ್ರಿ ಮೇಡಂ?"

ಪೂರ್ಣಶ್ರೀ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೌಲಾಹುಸೇನ ನಗಲೂ ಇಲ್ಲ, ಬೈಯಲೂ ಇಲ್ಲ.

"ಇವರು ನಾಳಿ ಯಾವ್ದಾರ ಆಫೀಸಿಗಿ ಹೋದ್ರ ಅಲ್ಲಿ ಹೊಳಿ ಇರಂಗಿಲ್ರಿ. ಅದರ ಖರೇ ಹೆಸರು ಗೊತ್ತದನೋ ಇಲ್ಲೋ ಇವರಿಗಿ?"

"ಗೊತ್ತದರೀ. ಎರಡೂ ಹೇಳಿಕೊಟ್ಟೀನಿ."

"ನೋಡೂಣು. ನೀವು ಬಾಗಿಲ ಹತ್ರ ನಿಂದರ್ರಿ. ನಡುವ ಮಾತಾಡಬ್ಯಾಡ್ರಿ."

ಎಂಟು ಹುಡುಗಿಯರು ಎಂಟು ಯಂತ್ರಗಳ ಮುಂದೆ ಕೂತರು. ಇಂಟರ್‌ನೆಟ್ಟಿನಿಂದ ನಿಮಗೆ ಬೇಕಾದ ಒಂದು ಚಿತ್ರ ಹುಡುಕಿ ಇಳಿಸಿಕೊಳ್ಳಿ ಎಂದು ಮೌಲಾಹುಸೇನ ಎಲ್ಲರಿಗೂ ಒಟ್ಟಿಗೆ ಹೇಳಿದರು. ಎಲ್ಲರೂ ದೊಡ್ಡ ಚಿತ್ರವನ್ನೇ ತೆರೆದು ಸರಿಯಾದ ಫೋಲ್ಡರಿಗೆ ಸರಿಯಾದ ಹೆಸರಿಟ್ಟು ಇಳಿಸಿದರು. ಆಮೇಲೆ ಅವರು ಒಬ್ಬೊಬ್ಬರ ಬಳಿ ಹೋಗಿ ಒಂದೊಂದು ಬೇರೆ ಕೆಲಸ ಕೊಟ್ಟರು. ಒಬ್ಬಳಿಗೆ ಚಿತ್ರವನ್ನು ಚಿಕ್ಕದು ಮಾಡು ಎಂದರು, ಇನ್ನೊಬ್ಬಳಿಗೆ ಪತ್ರದ ಪುಟದಲ್ಲಿ ಕೂಡಿಸು ಎಂದರು. ಆತಿಯಾಳಿಗೆ ಪ್ರಿಂಟ್ ತೆಗೆ ಎಂದರು, ಅವಳು ಕಾಗದ ಸಿಕ್ಕಿಕೊಂಡ ಪ್ರಿಂಟರನ್ನೂ ಬಿಡಿಸಿ ತೆಗೆದುಕೊಟ್ಟಳು. ಏಳು ಮಂದಿ ಮುಗಿದರು. ಬಾಗಿಲಲ್ಲಿ ನಿಂತ ಪೂರ್ಣಶ್ರೀಗೆ ಉಸಿರು ಸ್ವಲ್ಪ ಹಗುರಾಯಿತು. ಉಳಿದವಳು ಅನ್ನಪೂರ್ಣ, ಎಲ್ಲರಿಗಿಂತ ಜಾಣೆ.

ಅವಳು ಇಳಿಸಿದ್ದು ಹನುಮಪ್ಪನ ಚಿತ್ರ. ಪರೀಕ್ಷೆಯ ದಿನದ ಮೊದಲ ಚಿತ್ರ ಮತ್ತೇನಾದೀತು?

"ಇದನ್ನ ಡಿಲೀಟ್ ಮಾಡವಾ," ಎಂದರು ಮೌಲಾಹುಸೇನ.

ಅನ್ನಪೂರ್ಣ ಚಿತ್ರವನ್ನು ಹಿಡಿದು ಹೊಳೆಗೆ ಬಿಟ್ಟಳು.

"ಈಗ ಅದನ್ನ ವಾಪಸ್ ತಗೀ. ಎಲ್ಲಿತ್ತೋ ಅಲ್ಲೇ ಬರಬೇಕು."

ಅನ್ನಪೂರ್ಣಳ ಕೈ ಮೌಸಿನ ಮೇಲೆ ನಿಂತಿತು. ಮುಂದೇನಾಗುತ್ತದೆ ಎಂದು ಆ ಕೋಣೆಯಲ್ಲಿ ಮೌಲಾಹುಸೇನರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು.

"ಹೊಳಿಗಿ ಬಿಟ್ಟ ದೇವ್ರನ್ನ ಹೊರಗ ತೆಗೀಬಾರದ್ರಿ ಸರ್."

"ಬರಂಗಿಲ್ಲೋ, ತೆಗಿಯಂಗಿಲ್ಲೋ?"

"ಬರ್ತದ್ರಿ. ತೆಗಿಯಂಗಿಲ್ರಿ."

"ಹಂಗಂದ್ರ ನಾ ಸೊನ್ನಿ ಹಾಕಬೇಕಾಗ್ತದ ನೋಡು, ಸೊನ್ನಿ ಬಿದ್ರ ಫೇಲು. ಮಾಡಿದ್ರ ಅಂಕ, ಮಾಡದಿದ್ರ ಇಲ್ಲ. ಬಾಯಿಲೆ ಹೇಳಿದ್ರ ನಡಿಯಂಗಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲ ಕಡೆ ತಿರುಗಿದರು. "ಮೇಡಂ, ನೀವರೆ ಹೇಳ್ರಿ ಈ ಹುಡುಗಿಗಿ. ಇದು ಬರೇ ಹೆಸರು, ನಾವು ಬದಲ್ ಮಾಡಿದ್ದು ಅಂತ ಹೇಳ್ರಿ. ಮಾಡ್ತಾಳ."

ಎಂಟು ಮುಖಗಳು ಪೂರ್ಣಶ್ರೀಯವರ ಕಡೆ ತಿರುಗಿದವು. ಒಂದು ಮಾತು ಹೇಳಿದರೆ ಸಾಕಿತ್ತು. ಅನ್ನಪೂರ್ಣ ಮೇಡಂ ಮಾತು ಮೀರುವವಳಲ್ಲ, ತಲೆ ತಗ್ಗಿಸಿ ತೆಗೆದುಕೊಡುತ್ತಿದ್ದಳು. ಎಂಟೂ ಮಂದಿ ಪಾಸು, ಎಂಟೂ ಯಂತ್ರ ಇಲ್ಲೇ. ಬಾಯಿ ತೆರೆದರು. ಆ ಹುಡುಗಿ ಒಂದೊಂದೇ ದೇವರ ಹೆಸರು ಹೇಳಿ ಬಿಟ್ಟದ್ದು ಕಣ್ಣ ಮುಂದೆ ಬಂತು. ಬಸ್ಸಿನಲ್ಲಿ ಸಿಗದಿದ್ದ ಉತ್ತರವನ್ನು ಈಗಲೇ, ಇಲ್ಲೇ ಹೇಳಬೇಕಾಗಿತ್ತು. ಇದು ಬರೇ ಹೆಸರು ಎಂದರೆ ಅವತ್ತು ತಾನು ಮಾಡಿದ್ದು ಬರೇ ಮೋಸ.

"ಬರೇ ಹೆಸರಲ್ರಿ ಸರ್," ಎಂದರು. "ಹೊಳಿ ಅಂತ ನಾನೇ ಹೇಳಿ ಬಿಡಸೀನಿ. ನನಗ ಬೇಕಾದಾಗ ಹೊಳಿ, ಬ್ಯಾಡಾದಾಗ ಬುಟ್ಟಿ ಅನ್ನಾಕ ನನಗ ಬರಂಗಿಲ್ಲ. ಆಕಿ ಮಾಡಾಕತ್ತಿದ್ದು ನಾ ಕಲಿಸಿದ್ದೇ ಅದ."

ಹೇಳಿದ ಮೇಲೆ ಎಂಟು ಹುಡುಗಿಯರ ಅನ್ನಕ್ಕೆ ಕೈಯಾರೆ ಮಣ್ಣು ಹಾಕಿದೆನಲ್ಲ ಎನಿಸಿ ಅಳು ಬಂತು. ಮೌಲಾಹುಸೇನ ಅವರನ್ನೇ ಒಂದು ಗಳಿಗೆ ನೋಡಿ, ಜೇಬಿನಿಂದ ಪೆನ್ನು ತೆಗೆದರು.

"ಸರ್, ಒಂದು ಮಾತ್ರೀ," ಎಂದಳು ಅನ್ನಪೂರ್ಣ. "ನಿಮಗ ಬೇಕಾಗಿದ್ದು ನನಗ ಹೊಳ್ಳಿ ತೆಗಿಯಾಕ ಬರ್ತದೋ ಇಲ್ಲೋ ಅಂತ ನೋಡೋದು ಅಲ್ರೀ?"

"ಹೌದು."

"ಹಂಗಾರ ಒಂದು ಎಮ್ಮಿ ಇಳಿಸ್ತೀನ್ರಿ."

"ಎಮ್ಮಿ?"

"ಹೂಂ ರೀ. ಎಮ್ಮಿ ಹೊಳಿಗಿ ಬಿದ್ದು ಮಲಕೊಂಡ್ರೂ ಹೊತ್ತು ಮುಳುಗೂದ್ರಾಗ ಹೊಳ್ಳಿ ಮನಿಗಿ ಬರಬೇಕ್ರಿ. ಬರದಿದ್ರ ನಾವೇ ಹೋಗಿ ಹೊಡಕೊಂಡು ಬರ್ತೀವಿ. ಅದನ್ನ ತೆಗದ್ರ ಏನೂ ತಪ್ಪಿಲ್ರಿ."

ಮೌಲಾಹುಸೇನ ಬೇಡ ಎನ್ನದೆ ಪೆನ್ನು ಹಿಡಿದೇ ನಿಂತರು. ಅನ್ನಪೂರ್ಣಳ ಬೆರಳು ಓಡಿದವು. ಹುಡುಕಿದಳು, ಚೂರು ಚಿತ್ರ ಬಿಟ್ಟು ದೊಡ್ಡದನ್ನು ತೆರೆದಳು, ಬಲಗಡೆ ಗುಂಡಿ ಒತ್ತಿ ತನ್ನ ಫೋಲ್ಡರಿಗೆ ಇಳಿಸಿದಳು. ಕೋಡು ಬಾಗಿದ, ಮೈಗೆಲ್ಲ ಕೆಸರು ಮೆತ್ತಿಕೊಂಡ ಒಳ್ಳೇ ದಪ್ಪ ಎಮ್ಮೆ. ಅದನ್ನು ಹಿಡಿದು ಮೂಲೆಗೆ ಎಳೆದು ಬಿಟ್ಟಳು. ಹೊಳೆಯನ್ನು ತೆರೆದಳು. ಅಲ್ಲಿ ಎರಡೇ ಇದ್ದವು, ಹನುಮಪ್ಪ ಮತ್ತು ಎಮ್ಮೆ. ಬಾಣದ ಗುರುತನ್ನು ಹನುಮಪ್ಪನಿಗೆ ತಾಗದ ಹಾಗೆ ಸುತ್ತು ಹಾಕಿಸಿ ಎಮ್ಮೆಯ ಮೇಲೆ ತಂದು ರಿಸ್ಟೋರ್ ಒತ್ತಿದಳು. ಫೋಲ್ಡರ್ ತೆರೆದು ತೋರಿಸಿದಳು. ಎಮ್ಮೆ ತನ್ನ ಜಾಗದಲ್ಲಿ ನಿಂತಿತ್ತು.

"ಬಂತ್ರಿ ಸರ್."

ಆತಿಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು, ಆದರೂ ನಗು ಹೊರಗೆ ಬಂತು. ಮೌಲಾಹುಸೇನ ಕೂಡ ನಕ್ಕುಬಿಟ್ಟರು. ಇಸ್ತ್ರಿಯ ಅಂಗಿಯೊಳಗೆ ಅಂಥ ನಗು ಇದ್ದೀತೆಂದು ಯಾರೂ ಎಣಿಸಿರಲಿಲ್ಲ. ಪೂರಾ ಅಂಕ ಬರೆದು, ಪೆನ್ನಿನ ಮುಚ್ಚಳ ಹಾಕಿದರು.

"ಸರ್, ಆ ಹನಮಪ್ಪಂದು?" ಎಂದು ಅನ್ನಪೂರ್ಣ ಕೇಳಿದಳು.

"ಅಲ್ಲೇ ಇರ್ಲಿ ಬಿಡವಾ," ಎಂದರು ಮೌಲಾಹುಸೇನ. "ಬಿಟ್ಟದ್ದು ಬಿಟ್ಟಂಗ ಇರ್ಲಿ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಪೂರ್ಣಶ್ರೀ ವಿರೂಪಣ್ಣನಿಗೆ ಫೋನ್ ಮಾಡಿದರು. ಎಷ್ಟು ಮಂದಿ ಬಿದ್ದರು ಎಂದು ಅತ್ತಲಿಂದ ಮೊದಲ ಪ್ರಶ್ನೆ. ಯಾರೂ ಇಲ್ಲ ಎಂದರು. ಅತ್ತಲಿನವರಿಗೆ ನಂಬಿಕೆ ಬರಲಿಲ್ಲ, ಒಬ್ಬರೂ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದರು.

"ಒಬ್ರೂ ಇಲ್ರಿ, ವಿರೂಪಣ್ಣಾ. ಮಾನ್ವಿಗಿ ಬ್ಯಾರೆ ಮಷೀನು ಕೊಂಡ್ಕೋರಿ. ಇವು ಇಲ್ಲೇ ಇರ್ತಾವ."

ಫೋನಿಟ್ಟು ಕುರ್ಚಿಯಲ್ಲಿ ಕೂತು, ಎಂಟು ಹುಡುಗಿಯರ ಎದುರಿಗೇ, ಪೂರ್ಣಶ್ರೀ ಅತ್ತುಬಿಟ್ಟರು. ಅನ್ನಪೂರ್ಣ ಬಂದು, ಕೇಳದೆ ಹೇಳದೆ, ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.